ಟ್ರ್ಯಾಕ್ ಲೈಟ್: ಕೆಟ್ಟಿರುವುದು ದೀಪವೋ, ಜೋಡಣೆಯೋ?

ಮನೆಯ ವಿದ್ಯುತ್ ಕೆಲಸಗಳ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಿಗೆ ಮೀಸಲಾದ ಈ ಅಂಕಣಕ್ಕೆ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಟ್ರ್ಯಾಕ್ ಲೈಟಿಗೆ ಸಂಬಂಧಿಸಿದವು. ಚಾವಣಿಗೆ ಬಿಗಿದ ಅಲ್ಯೂಮಿನಿಯಂ ಪಟ್ಟಿಯ ಒಳಗೆ ತಾಮ್ರದ ಎಳೆಗಳು ಉದ್ದಕ್ಕೂ ಸಾಗಿರುತ್ತವೆ; ಬೇಕಾದ ಜಾಗದಲ್ಲಿ ದೀಪವನ್ನು ಸಿಕ್ಕಿಸಿ ತಿರುಗಿಸಿದರೆ ಅದು ಉರಿಯುತ್ತದೆ. ನೋಡಲು ಸರಳವಾದ ಈ ವ್ಯವಸ್ಥೆಯಲ್ಲಿ ಸಾಮಾನ್ಯ ಹೋಲ್ಡರಿಗಿಂತ ಎಷ್ಟೋ ಹೆಚ್ಚು ಜೋಡಣೆಗಳಿವೆ, ಮತ್ತು ಬಂದಿರುವ ದೂರುಗಳಲ್ಲಿ ಬಹುಪಾಲು ದೀಪಕ್ಕೆ ಸೇರಿದವಲ್ಲ, ಆ ಜೋಡಣೆಗಳಿಗೆ ಸೇರಿದವು. ಆದ್ದರಿಂದ ಹೊಸ ದೀಪಕ್ಕೆ ಹಣ ಸುರಿಯುವ ಮೊದಲು ಎಲ್ಲಿ ಕಣ್ಣು ಹಾಯಿಸಬೇಕು ಎಂಬುದನ್ನೇ ಉತ್ತರಗಳಲ್ಲಿ ಮುಖ್ಯವಾಗಿ ಹೇಳಲಾಗಿದೆ.

ಕೆಟ್ಟ ದೀಪವನ್ನು ತೆಗೆದು ಅದೇ ಬಗೆಯ ಇನ್ನೊಂದನ್ನು ಹಾಕುವಂಥ ಕೆಲಸವನ್ನು ಮನೆಯವರೇ ಮಾಡಿಕೊಳ್ಳಬಹುದು. ಹೊಸ ತಂತಿ ಎಳೆಯುವುದು, ಇರುವ ವೈರಿಂಗನ್ನು ಬದಲಿಸುವುದು ಇವೆಲ್ಲ ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರ ಮೂಲಕವೇ ಆಗಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಹೇಳುತ್ತವೆ. ಕೆಳಗಿನ ಉತ್ತರಗಳಲ್ಲಿ ಮೀಟರ್ ಹಿಡಿದು ಅಳೆಯುವ ಕೆಲಸ ಬಂದಲ್ಲೆಲ್ಲ ಅದು ಎಲೆಕ್ಟ್ರಿಷಿಯನ್ ಕೆಲಸವೆಂದೇ ತಿಳಿಯಬೇಕು.

ಪ್ರಶ್ನೆ (ಮೈಸೂರಿನ ಓದುಗರು): ಮಾನ್ಯರೇ, ನಮ್ಮ ಹಾಲ್‌ಗೆ ಎರಡು ಟ್ರ್ಯಾಕ್‌ಗಳನ್ನು ತಂದು, ಗೋಡೆಯ ಅಳತೆಗೆ ಸರಿಯಾಗಿ ಒಂದನ್ನು ಮನೆಯಲ್ಲೇ ಕತ್ತರಿಸಿ, ನಡುವೆ ಕನೆಕ್ಟರ್ ಹಾಕಿ ಕೂಡಿಸಲಾಗಿದೆ. 12 ವ್ಯಾಟಿನ ಎಂಟು ದೀಪಗಳಿವೆ. ಸ್ವಿಚ್ ಒತ್ತಿದ ಕ್ಷಣವೇ ಎಂಸಿಬಿ (ಕರೆಂಟು ಮಿತಿಮೀರಿದಾಗ ತಾನಾಗಿಯೇ ಆರುವ ರಕ್ಷಣಾ ಸ್ವಿಚ್ಚು) ಬೀಳುತ್ತದೆ. ಲೋಡ್ ಹೆಚ್ಚಾಗಿದೆ, 6 ಆಂಪಿಯರ್ ಎಂಸಿಬಿ ತೆಗೆದು 16 ಆಂಪಿಯರಿನದು ಹಾಕಬೇಕು ಎಂದು ಕೆಲಸದವರು ಹೇಳುತ್ತಾರೆ. ಹಾಕಿಸಬಹುದೇ?

ಉತ್ತರ: ದಯವಿಟ್ಟು ಹಾಕಿಸಬೇಡಿ. ಎಂಟು ದೀಪಗಳು ಸೇರಿ 96 ವ್ಯಾಟ್. 230 ವೋಲ್ಟಿನಲ್ಲಿ ಅದು ಅರ್ಧ ಆಂಪಿಯರಿನ ಆಸುಪಾಸಿಗೆ ಬರುತ್ತದೆ. ಆರು ಆಂಪಿಯರ್ ತಡೆಯುವ ಎಂಸಿಬಿಗೆ ಇದು ಲೋಡೇ ಅಲ್ಲ. ಎಂಸಿಬಿ ಇರುವುದು ಗೋಡೆಯೊಳಗಿನ ತಂತಿಯನ್ನು ಕಾಯುವುದಕ್ಕೆ. ದೀಪದ ಸರ್ಕ್ಯೂಟಿಗೆ ಸಾಮಾನ್ಯವಾಗಿ ಎಳೆದಿರುವ 1.5 ಚದರ ಮಿಲಿಮೀಟರ್ ತಂತಿಯ ಮೇಲೆ 16 ಆಂಪಿಯರಿನ ಎಂಸಿಬಿ ಕೂರಿಸಿದರೆ, ನಾಳೆ ನಿಜವಾಗಿಯೂ ಹೆಚ್ಚು ಕರೆಂಟು ಹರಿದಾಗ ಎಂಸಿಬಿ ಸುಮ್ಮನಿದ್ದು ತಂತಿ ಬಿಸಿಯಾಗತೊಡಗುತ್ತದೆ.

ಪ್ರತಿ ಸಲವೂ, ಒತ್ತಿದ ಕ್ಷಣದಲ್ಲೇ ಬೀಳುತ್ತದೆ ಎಂದರೆ ಎಲ್ಲೋ ಶಾರ್ಟ್ ಆಗಿದೆ. ಟ್ರ್ಯಾಕನ್ನು ಮನೆಯಲ್ಲೇ ಕತ್ತರಿಸಲಾಗಿದೆ ಎಂದು ತಾವು ಬರೆದಿರುವುದರಿಂದ ಮೊದಲ ಅನುಮಾನ ಆ ತುದಿಯ ಮೇಲೆಯೇ. ಗರಗಸದ ಬ್ಲೇಡು ಅಲ್ಯೂಮಿನಿಯಂ ಪಟ್ಟಿಯನ್ನೂ ಒಳಗಿನ ತಾಮ್ರವನ್ನೂ ಒಟ್ಟಿಗೆ ಕೊಯ್ಯುವಾಗ ತಾಮ್ರದ ತುದಿ ಒಂದು ಬದಿಗೆ ಮಡಿಚಿಕೊಳ್ಳುತ್ತದೆ, ಅಲ್ಯೂಮಿನಿಯಂ ಅಂಚಿನಲ್ಲಿ ಮುಳ್ಳಿನಂಥ ಚೂರುಗಳು ಏಳುತ್ತವೆ, ಸಣ್ಣ ಪುಡಿ ಪ್ಲಾಸ್ಟಿಕ್ ಸಂದಿಗೆ ಇಳಿಯುತ್ತದೆ. ಇವುಗಳಲ್ಲಿ ಯಾವುದೇ ಒಂದು, ಫೇಸ್ ಎಳೆಯನ್ನು ಅಲ್ಯೂಮಿನಿಯಂ ಮೈಗೆ ಮುಟ್ಟಿಸಿದರೆ ಸಾಕು. ಎಂಸಿಬಿಗಳಿರುವ ಡಿಬಿ ಬಾಕ್ಸಿನಲ್ಲಿ ಮೇನ್ ಆರಿಸಿ, ಟ್ರ್ಯಾಕನ್ನು ಕೆಳಗಿಳಿಸಿ, ಕತ್ತರಿಸಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ತಾಮ್ರದ ಎಳೆ ಪ್ಲಾಸ್ಟಿಕ್ ಕವಚಕ್ಕಿಂತ ಒಳಗೇ ನಿಂತಿರಬೇಕು. ಹೊರಚಾಚಿದ್ದರೆ ತಯಾರಕರು ತಿಳಿಸಿದ ಅಳತೆಗೆ ಅದನ್ನು ಕತ್ತರಿಸಿ, ಅಲ್ಯೂಮಿನಿಯಂ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಟ್ರ್ಯಾಕನ್ನು ನೆಟ್ಟಗೆ ಹಿಡಿದು ತಟ್ಟಿ ಒಳಗಿನ ಪುಡಿಯನ್ನು ಉದುರಿಸಬೇಕು. ಆಮೇಲೆ ಎಂಡ್ ಕ್ಯಾಪ್ ಹಾಕಲೇಬೇಕು. ಕಾಣದ ಮೂಲೆ ಎಂದು ಅದನ್ನು ಬಿಟ್ಟವರ ಮನೆಗಳಲ್ಲಿ ಹಲ್ಲಿ ಒಳಹೊಕ್ಕು ಶಾರ್ಟ್ ಆಗುವುದುಂಟು.

ಎರಡನೆಯ ಅನುಮಾನ ನಡುವಿನ ಕನೆಕ್ಟರ್. ಟ್ರ್ಯಾಕಿನ ಒಂದು ಬದಿಯಲ್ಲಿ ಉದ್ದಕ್ಕೂ ಸಣ್ಣ ಏಣೋ ಗೆರೆಯೋ ಇರುತ್ತದೆ. ಎರಡು ತುಂಡುಗಳಲ್ಲೂ ಅದು ಒಂದೇ ಬದಿಗೆ ಬರಬೇಕು. ಒಂದು ತುಂಡು ತಿರುಗಿ ಕೂತರೆ ಎಳೆಗಳು ಅದಲುಬದಲಾಗುತ್ತವೆ. ಮೂಲೆಯಲ್ಲಿ ತಿರುಗುವ ಎಲ್ ಆಕಾರದ ಕನೆಕ್ಟರಿನಲ್ಲಿ ಎಡದ್ದು, ಬಲದ್ದು ಎಂದು ಎರಡು ಬಗೆ ಬರುವುದೂ ಇದೇ ಕಾರಣಕ್ಕೆ. ಇದಕ್ಕಿಂತ ಅಪಾಯದ ಇನ್ನೊಂದು ತಪ್ಪಿದೆ: ಎರಡು ಟ್ರ್ಯಾಕ್‌ಗಳಿಗೂ ಬೇರೆ ಬೇರೆ ಪಾಯಿಂಟಿನಿಂದ ಸಪ್ಲೈ ಕೊಟ್ಟು, ನಂತರ ನಡುವೆ ಕನೆಕ್ಟರ್ ಹಾಕಿ ಬೆಸೆಯುವುದು. ಒಂದು ಪಾಯಿಂಟಿನಲ್ಲಿ ಫೇಸ್ ಇರುವ ಎಳೆ ಇನ್ನೊಂದರಲ್ಲಿ ನ್ಯೂಟ್ರಲ್ ಆಗಿದ್ದರೆ ಸ್ವಿಚ್ ಒತ್ತಿದ ಕ್ಷಣವೇ ನೇರ ಶಾರ್ಟ್. ಕೂಡಿಸಿದ ಟ್ರ್ಯಾಕಿಗೆ ಸಪ್ಲೈ ಒಂದೇ ಕಡೆಯಿಂದ ಬರಬೇಕು.

ದೋಷ ಎಲ್ಲಿದೆ ಎಂದು ಊಹಿಸುತ್ತ ಕೂರುವುದಕ್ಕಿಂತ ಒಂದೊಂದನ್ನೇ ಬೇರ್ಪಡಿಸುವುದು ಲೇಸು. ಮೇನ್ ಆರಿಸಿ ಎಂಟೂ ದೀಪಗಳನ್ನು ಕಳಚಿ, ಬರಿಯ ಟ್ರ್ಯಾಕಿಗೆ ಸಪ್ಲೈ ಕೊಡಿ. ಆಗಲೂ ಎಂಸಿಬಿ ಬಿದ್ದರೆ ದೋಷ ಟ್ರ್ಯಾಕಿನಲ್ಲೋ ತಂತಿಯಲ್ಲೋ ಇದೆ. ಮತ್ತೆ ಆರಿಸಿ ಕನೆಕ್ಟರ್ ಬಿಡಿಸಿ ಮೊದಲ ತುಂಡನ್ನು ಮಾತ್ರ ಪರೀಕ್ಷಿಸಿ. ಬೀಳದಿದ್ದರೆ ದೀಪಗಳನ್ನು ಒಂದೊಂದಾಗಿ, ಪ್ರತಿ ಸಲ ಆರಿಸಿಯೇ, ಹಾಕುತ್ತ ಬನ್ನಿ. ಯಾವ ದೀಪ ಹಾಕಿದಾಗ ಬೀಳುತ್ತದೋ ಅದರ ಡ್ರೈವರ್ (ಮನೆಯ ಕರೆಂಟನ್ನು ಎಲ್‌ಇಡಿಗೆ ತಕ್ಕಂತೆ ಬದಲಿಸುವ ಭಾಗ) ಕೆಟ್ಟಿದೆ.

ಎಂಸಿಬಿ ಒಮ್ಮೆ ನಿಂತು ಒಮ್ಮೆ ಬೀಳುವ ಮನೆಗಳ ವಿಷಯ ಬೇರೆ. ಎಲ್‌ಇಡಿ ಡ್ರೈವರಿನೊಳಗಿನ ಕೆಪಾಸಿಟರ್ ಹೊತ್ತಿಸಿದ ಮೊದಲ ಕ್ಷಣದಲ್ಲಿ ಬಹಳ ಕರೆಂಟು ಎಳೆಯುತ್ತದೆ, ಒಂದೇ ಸ್ವಿಚ್ಚಿಗೆ ಹಲವು ಡ್ರೈವರ್‌ಗಳಿದ್ದರೆ ಅದು ಕೂಡಿಕೊಳ್ಳುತ್ತದೆ. ಬಿ ಬಗೆಯ ಎಂಸಿಬಿ ಇದ್ದಲ್ಲಿ ಮೊದಲ ಕ್ಷಣದ ಹೆಚ್ಚಿನ ಕರೆಂಟನ್ನು ತಾಳುವ, ಅದೇ ಆಂಪಿಯರಿನ ಸಿ ಬಗೆಯದನ್ನು ಹಾಕಬಹುದೇ ಎಂದು ಎಲೆಕ್ಟ್ರಿಷಿಯನ್ನನ್ನು ಕೇಳಬಹುದು. ಬೀಳುತ್ತಿರುವುದು ಎಂಸಿಬಿಯಲ್ಲ, ಆರ್‌ಸಿಸಿಬಿ (ಕರೆಂಟು ಸೋರಿದಾಗ ಬೀಳುವ ರಕ್ಷಣಾ ಸ್ವಿಚ್ಚು) ಎಂದಾದರೆ ಫೇಸ್ ಒಂದು ಸರ್ಕ್ಯೂಟಿನಿಂದಲೂ ನ್ಯೂಟ್ರಲ್ ಇನ್ನೊಂದರಿಂದಲೂ ಬಂದಿದೆಯೇ ಎಂದು ನೋಡಿಸಿ. ಇನ್ವರ್ಟರ್ ಲೈನಿಗೆ ದೀಪಗಳನ್ನು ಸೇರಿಸಿದ ಮನೆಗಳಲ್ಲಿ ಈ ತಪ್ಪು ಸಾಮಾನ್ಯ.

ಪ್ರಶ್ನೆ (ದಾವಣಗೆರೆಯ ಓದುಗರು): ರಾತ್ರಿ ಸ್ವಿಚ್ ಆರಿಸಿದ ಮೇಲೂ ನಮ್ಮ ಮಲಗುವ ಕೋಣೆಯ ಟ್ರ್ಯಾಕ್ ದೀಪಗಳು ಮಿಂಚುಹುಳದಂತೆ ಮಂದವಾಗಿ ಉರಿಯುತ್ತಲೇ ಇರುತ್ತವೆ. ಬೇರೆ ಕಂಪನಿಯ ದೀಪ ಹಾಕಿದರೂ ಹಾಗೆಯೇ ಆಯಿತು. ಇದರಿಂದ ಅಪಾಯವಿದೆಯೇ?

ಉತ್ತರ: ಅಪಾಯ ಇರಬಹುದು, ಇಲ್ಲದಿರಲೂಬಹುದು, ಯಾವುದೆಂದು ತಿಳಿಯುವವರೆಗೆ ಸ್ವಿಚ್ ಆರಿಸಿದ್ದೇವೆಂಬ ಧೈರ್ಯದಿಂದ ಟ್ರ್ಯಾಕಿಗೆ ಕೈ ಹಾಕಬೇಡಿ. ಡಿಬಿಯಲ್ಲಿ ಮೇನ್ ಆರಿಸಿಯೇ ಮುಟ್ಟಿ.

ನಿರುಪದ್ರವ ಕಾರಣವೆಂದರೆ ಸ್ವಿಚ್ಚಿನ ಒಳಗೆ ಇರುವ ಪುಟ್ಟ ಕೆಂಪು ಇಂಡಿಕೇಟರ್. ಅದು ಉರಿಯಲು ಬೇಕಾದ ಅತ್ಯಲ್ಪ ಕರೆಂಟು ದೀಪದ ಮೂಲಕವೇ ಹಾದುಹೋಗುತ್ತದೆ, ಎಲ್‌ಇಡಿಗೆ ಮಂಕಾಗಿ ಹೊಳೆಯಲು ಅಷ್ಟೇ ಸಾಕಾಗುತ್ತದೆ. ಇಂಡಿಕೇಟರ್ ಇಲ್ಲದ ಸ್ವಿಚ್ ಹಾಕಿಸಿದರೆ ಮುಗಿಯಿತು. ಒಂದೇ ಪೈಪಿನಲ್ಲಿ ಸದಾ ಕರೆಂಟು ಇರುವ ತಂತಿಯ ಪಕ್ಕಕ್ಕೆ ದೀಪದ ತಂತಿಯೂ ದೂರದವರೆಗೆ ಸಾಗಿದ್ದರೆ, ವಿಶೇಷವಾಗಿ ಎರಡು ಕಡೆಯಿಂದ ಆರಿಸುವ ಟೂ ವೇ ಸ್ವಿಚ್ ಇರುವಲ್ಲಿ, ಇದೇ ಪರಿಣಾಮ ಕಾಣಬಹುದು.

ಅಪಾಯದ ಕಾರಣವೆಂದರೆ ಸ್ವಿಚ್ಚು ಫೇಸ್ ತಂತಿಯ ಮೇಲಿರದೆ ನ್ಯೂಟ್ರಲ್ ಮೇಲಿರುವುದು. ಆಗ ಸ್ವಿಚ್ ಆರಿಸಿದರೂ ಟ್ರ್ಯಾಕಿನ ಉದ್ದಕ್ಕೂ 230 ವೋಲ್ಟ್ ಕಾದಿರುತ್ತದೆ. ಸಾಮಾನ್ಯ ದೀಪದಲ್ಲಿ ಇದು ಹೋಲ್ಡರಿನ ಒಳಗೆ ಅಡಗಿರುತ್ತದೆ. ಟ್ರ್ಯಾಕಿನಲ್ಲಾದರೆ ಎರಡು ಮೀಟರ್ ಉದ್ದದ ತೆರೆದ ಸಂದಿಯ ಒಳಗೆ ಇರುತ್ತದೆ, ಮತ್ತು ದೀಪವನ್ನು ಸರಿಸಲು ಕೈ ಹೋಗುವುದೂ ಅಲ್ಲಿಗೇ. ಪರೀಕ್ಷೆಗೆ ಟೆಸ್ಟರ್ ಒಂದನ್ನೇ ನೆಚ್ಚಬಾರದು. ಸ್ವಿಚ್ ಆರಿಸಿರುವಾಗ ಟ್ರ್ಯಾಕಿನ ಎರಡೂ ಎಳೆಗಳಲ್ಲಿ ಟೆಸ್ಟರ್ ಹೊತ್ತಿಕೊಂಡರೆ ನ್ಯೂಟ್ರಲ್ ಕಡಿದಿದೆ ಎಂದರ್ಥ. ಫೇಸ್ ದೀಪದ ಮೂಲಕ ಹಾದು ಆಚೆಯ ಎಳೆಗೂ ಬಂದು ನಿಂತಿರುತ್ತದೆ. ಡಿಜಿಟಲ್ ಮಲ್ಟಿಮೀಟರಾದರೋ ಪಕ್ಕದ ತಂತಿಯ ಪ್ರಭಾವದಿಂದ ಬಂದ ಹುಸಿ ವೋಲ್ಟೇಜನ್ನೂ ತೋರಿಸುತ್ತದೆ. ಆದ್ದರಿಂದ ಅನುಭವಿ ಎಲೆಕ್ಟ್ರಿಷಿಯನ್ನರು ಇಂದಿಗೂ ಹಳೆಯ ಫಿಲಮೆಂಟ್ ಬಲ್ಬಿನ ಟೆಸ್ಟ್ ಲ್ಯಾಂಪನ್ನು ಜೊತೆಗಿಟ್ಟುಕೊಳ್ಳುತ್ತಾರೆ. ಸ್ವಿಚ್ ಆರಿಸಿದ ಮೇಲೂ ಟ್ರ್ಯಾಕಿನ ಎಳೆಗೂ ಅರ್ಥಿಂಗಿಗೂ ನಡುವೆ ಆ ಬಲ್ಬು ಉರಿದರೆ ಅಲ್ಲಿರುವುದು ನಿಜವಾದ ಫೇಸ್. ಆಗ ಸ್ವಿಚ್ ಬೋರ್ಡಿನಲ್ಲಿ ತಂತಿಗಳನ್ನು ಸರಿಪಡಿಸಿಕೊಳ್ಳದೆ ಆ ದೀಪಗಳನ್ನು ಬಳಸಕೂಡದು.

ಪ್ರಶ್ನೆ (ಉಡುಪಿಯ ಓದುಗರು): ಮೂರು ವರ್ಷದಿಂದ ಚೆನ್ನಾಗಿದ್ದ ಟ್ರ್ಯಾಕ್ ಲೈಟ್, ಮನೆಗೆ ಪೇಂಟ್ ಮಾಡಿಸಿದ ಮೇಲೆ ತೊಂದರೆ ಕೊಡುತ್ತಿದೆ. ಎರಡು ದೀಪಗಳು ಆಗಾಗ ಮಿಣುಕುತ್ತವೆ; ಫ್ಯಾನ್ ಜೋರಾಗಿ ತಿರುಗಿದಾಗ ಇನ್ನೂ ಹೆಚ್ಚು. ದೀಪ ಬದಲಿಸಬೇಕೇ?

ಉತ್ತರ: ಬದಲಿಸುವ ಮೊದಲು ಮೇನ್ ಆರಿಸಿ, ಮಿಣುಕುವ ದೀಪವನ್ನೂ ಚೆನ್ನಾಗಿ ಉರಿಯುವ ದೀಪವನ್ನೂ ಪರಸ್ಪರ ಜಾಗ ಬದಲಿಸಿ ನೋಡಿ. ಮಿಣುಕು ದೀಪದ ಜೊತೆಗೆ ಹೋದರೆ ದೋಷ ದೀಪದ್ದು. ಹಳೆಯ ಜಾಗದಲ್ಲೇ ಉಳಿದರೆ ಟ್ರ್ಯಾಕಿನದು. ತಾವು ಹೇಳಿದ ಲಕ್ಷಣಗಳನ್ನು ನೋಡಿದರೆ ಟ್ರ್ಯಾಕಿನೊಳಗೆ ಪೇಂಟ್ ಹನಿಗಳು ಬಿದ್ದಿರುವ ಸಂಭವವೇ ಹೆಚ್ಚು. ತಾಮ್ರದ ಎಳೆಯ ಮೇಲೆ ಒಂದು ಬಿಳಿಯ ಪೊರೆ ಕೂತರೆ ದೀಪದ ಅಡಾಪ್ಟರಿನಿಂದ (ಟ್ರ್ಯಾಕಿಗೆ ಸಿಕ್ಕಿಸುವ ಭಾಗದಿಂದ) ಹೊರಬರುವ ತಾಮ್ರದ ನಾಲಿಗೆ ಅದನ್ನು ಅರ್ಧಂಬರ್ಧ ಮುಟ್ಟುತ್ತದೆ, ಫ್ಯಾನಿನ ಅದುರಿಗೆ ಸಂಪರ್ಕ ಬಿಟ್ಟು ಬಿಟ್ಟು ಬರುತ್ತದೆ. ಹಾಗೆ ಬಿಟ್ಟು ಬರುವ ಕಡೆ ಕಿಡಿಯೇಳುತ್ತದೆ, ನಾಲಿಗೆ ಕಪ್ಪಾಗುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. ಆದ್ದರಿಂದ ಇದನ್ನು ಮುಂದಕ್ಕೆ ಹಾಕಬೇಡಿ.

ಕರಾವಳಿಯ ಹವೆಯಲ್ಲಿ ಇನ್ನೊಂದು ತೊಡಕಿದೆ. ಉಪ್ಪು ಬೆರೆತ ತೇವದಿಂದ ತಾಮ್ರದ ಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಮೇನ್ ಆರಿಸಿದ ಮೇಲೆ, ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ತೆಳುವಾದ ಬಟ್ಟೆಗೆ ಸ್ವಲ್ಪವೇ ಹಾಕಿ ಒರೆಸಿ, ಪೂರ್ತಿ ಆರಿದ ಮೇಲೆ ದೀಪ ಹಾಕಿ. ನೀರು, ಸೀಮೆಎಣ್ಣೆ ಬೇಡ. ಉಪ್ಪುಕಾಗದದಿಂದ ಜೋರಾಗಿ ಉಜ್ಜುವುದೂ ಬೇಡ. ನಾಲಿಗೆ ಕಪ್ಪಾಗಿಯೋ ಸಡಿಲವಾಗಿಯೋ ಇದ್ದರೆ ಅದನ್ನು ಬಾಗಿಸಿ ಸರಿಮಾಡುವ ಪ್ರಯತ್ನ ಬಿಟ್ಟು ಅಡಾಪ್ಟರನ್ನೇ ಬದಲಿಸಿ. ಮುಂದಿನ ಸಲ ಪೇಂಟ್ ಮಾಡಿಸುವಾಗ ದೀಪಗಳನ್ನು ಕಳಚಿ, ಸಂದಿಯ ಉದ್ದಕ್ಕೂ ಮಾಸ್ಕಿಂಗ್ ಟೇಪ್ ಅಂಟಿಸಿ, ಆ ಸರ್ಕ್ಯೂಟಿನ ಎಂಸಿಬಿಯನ್ನು ಆರಿಸಿಯೇ ಇಡಿ.

ಪ್ರಶ್ನೆ (ಬೆಂಗಳೂರಿನ ಓದುಗರು): ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೊದಲೇ ಇದ್ದ ರೆಗ್ಯುಲೇಟರಿಗೆ ಟ್ರ್ಯಾಕ್ ಲೈಟನ್ನು ಜೋಡಿಸಿದ್ದೇವೆ. ಬೆಳಕು ಕಡಿಮೆ ಮಾಡಿದರೆ ದೀಪಗಳು ನಡುಗುತ್ತವೆ, ಗುಂಯ್ ಎಂದು ಸದ್ದು ಮಾಡುತ್ತವೆ. ಕರೆಂಟು ಹೋಗಿ ಇನ್ವರ್ಟರ್ ಬಂದಾಗಲೂ ಸದ್ದು ಕೇಳುತ್ತದೆ.

ಉತ್ತರ: ಅದು ಫ್ಯಾನಿನ ರೆಗ್ಯುಲೇಟರ್ ಆಗಿದ್ದರೆ ಇಂದೇ ಬಿಡಿಸಿ, ಅದು ಎಲ್‌ಇಡಿಗೆ ಹೇಳಿ ಮಾಡಿಸಿದ್ದಲ್ಲ. ಹಳೆಯ ಬಲ್ಬುಗಳಿಗಾಗಿ ಮಾಡಿದ ಡಿಮ್ಮರ್ ಆಗಿದ್ದರೂ ಅದಕ್ಕೆ ಇಂತಿಷ್ಟು ವ್ಯಾಟ್ ಕನಿಷ್ಠ ಲೋಡ್ ಬೇಕು, ಎಲ್‌ಇಡಿ ಟ್ರ್ಯಾಕ್ ಅಷ್ಟನ್ನು ಮುಟ್ಟುವುದಿಲ್ಲ. ದೀಪದ ಡ್ರೈವರಿನ ಮೇಲೆ ಡಿಮ್ ಮಾಡಬಹುದೆಂದು ಬರೆದಿರಬೇಕು, ಡಿಮ್ಮರ್ ಎಲ್‌ಇಡಿಗೆಂದೇ ತಯಾರಾದ ಟ್ರೇಲಿಂಗ್ ಎಡ್ಜ್ ಬಗೆಯದಾಗಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ನಡುಕ ನಿಲ್ಲದು. ಇನ್ವರ್ಟರಿನಲ್ಲಿ ಮಾತ್ರ ಬರುವ ಸದ್ದಿಗೆ ಕಾರಣ ಬಹುಶಃ ಸ್ಕ್ವೇರ್ ವೇವ್ ಇನ್ವರ್ಟರ್; ಸೈನ್ ವೇವ್ ಇನ್ವರ್ಟರಿನಲ್ಲಿ ಆ ಸದ್ದು ಇರುವುದಿಲ್ಲ.

ಒಂದು ಎಚ್ಚರಿಕೆ. ಟ್ರ್ಯಾಕ್ ಮಾತ್ರವಲ್ಲದೆ ಮನೆಯ ಕೆಲವು ದೀಪಗಳು ಒಮ್ಮೆಲೇ ಪ್ರಖರವಾಗಿ, ಇನ್ನು ಕೆಲವು ಮಂಕಾಗಿ, ಗೀಸರ್ ಹಾಕಿದಾಗ ಇದು ಏರುಪೇರಾದರೆ, ಮೂರು ಫೇಸಿನ ಮನೆಯಲ್ಲಿ ಮುಖ್ಯ ನ್ಯೂಟ್ರಲ್ ಸಡಿಲವಾಗಿರಬಹುದು. ಆಗ 230 ವೋಲ್ಟಿನ ಉಪಕರಣಗಳಿಗೆ ಅದಕ್ಕಿಂತ ಬಹಳ ಹೆಚ್ಚು ವೋಲ್ಟೇಜ್ ಬೀಳುತ್ತದೆ. ಮೇನ್ ಆರಿಸಿ, ತಕ್ಷಣ ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಕರೆ ಮಾಡಿ.

ಪ್ರಶ್ನೆ (ತುಮಕೂರಿನ ಓದುಗರು): ಅಮೆರಿಕದಲ್ಲಿರುವ ಮಗ ಅಲ್ಲಿಂದ ಒಂದು ಟ್ರ್ಯಾಕ್ ಸೆಟ್ ತಂದಿದ್ದಾನೆ. ಇಲ್ಲಿ ಹಾಕಬಹುದೇ?

ಉತ್ತರ: ಪ್ರೀತಿಯಿಂದ ತಂದದ್ದನ್ನು ಬೇಡವೆನ್ನಲು ಮನಸ್ಸು ಬಾರದು, ಆದರೂ ಹಾಕದಿರುವುದೇ ಒಳ್ಳೆಯದು. ಅಲ್ಲಿನ ಮನೆಗಳ ದೀಪದ ಸಪ್ಲೈ 120 ವೋಲ್ಟ್, ನಮ್ಮದು 230. ಆ ಸೆಟ್ಟಿನಲ್ಲಿ ಹ್ಯಾಲೊಜೆನ್ ಬಲ್ಬುಗಳಿದ್ದರೆ ಅವು ತಮ್ಮ ಮಿತಿಯ ಮೂರೂವರೆ ಪಟ್ಟಿಗೂ ಮೀರಿದ ಶಕ್ತಿಯನ್ನು ಎಳೆದು ಸಿಡಿಯಬಹುದು. ತಂತಿಯ ಬಣ್ಣಗಳಲ್ಲಿ ಇನ್ನೂ ದೊಡ್ಡ ಅಪಾಯವಿದೆ: ಅಮೆರಿಕದಲ್ಲಿ ಕಪ್ಪು ಎಂದರೆ ಫೇಸ್, ಬಿಳಿ ನ್ಯೂಟ್ರಲ್, ನಮ್ಮಲ್ಲಿ ಕಪ್ಪು ಎಂದರೆ ನ್ಯೂಟ್ರಲ್. ಬಣ್ಣ ನೋಡಿ ಜೋಡಿಸುವ ಕೈಗೆ ಇದು ಸಿಕ್ಕರೆ ಫೇಸ್ ನ್ಯೂಟ್ರಲ್ ಅದಲುಬದಲಾಗುವುದು ಖಂಡಿತ.

ಪ್ರಶ್ನೆ (ಕಲಬುರಗಿಯ ಓದುಗರು): ಮ್ಯಾಗ್ನೆಟಿಕ್ ಟ್ರ್ಯಾಕಿನಲ್ಲಿ ಕೊನೆಯ ದೀಪಗಳು ಮಂಕಾಗಿವೆ.

ಉತ್ತರ: ದೀಪಗಳು ಅಯಸ್ಕಾಂತದಿಂದ ಅಂಟಿಕೊಳ್ಳುವ ಈ ಬಗೆಯ ಟ್ರ್ಯಾಕ್ ಸಾಮಾನ್ಯವಾಗಿ 48 ವೋಲ್ಟ್ ಡಿಸಿಯಲ್ಲಿ ನಡೆಯುತ್ತದೆ. ವೋಲ್ಟೇಜ್ ಕಡಿಮೆಯಾದಷ್ಟೂ ಅದೇ ಬೆಳಕಿಗೆ ಹರಿಯುವ ಕರೆಂಟು ಹೆಚ್ಚು. 100 ವ್ಯಾಟಿಗೆ ಎರಡು ಆಂಪಿಯರಿಗಿಂತ ಮಿಗಿಲು. ಹಾಗಾಗಿ ಡ್ರೈವರಿನಿಂದ ಟ್ರ್ಯಾಕಿನವರೆಗಿನ ತಂತಿ ತೆಳುವಾಗಿದ್ದರೆ ಅಥವಾ ಕನೆಕ್ಟರ್ ಸಡಿಲವಿದ್ದರೆ ದೂರದ ದೀಪಕ್ಕೆ ವೋಲ್ಟೇಜ್ ಇಳಿಯುತ್ತದೆ. ದೀಪಗಳ ಒಟ್ಟು ವ್ಯಾಟ್ ಡ್ರೈವರಿನ ಸಾಮರ್ಥ್ಯದ ನೂರಕ್ಕೆ ಎಂಬತ್ತನ್ನು ಮೀರದಂತೆ ನೋಡಿಕೊಳ್ಳಿ.

ಪ್ರಶ್ನೆ (ಹುಬ್ಬಳ್ಳಿಯ ಓದುಗರು): ಫಾಲ್ಸ್ ಸೀಲಿಂಗಿಗೆ ಬಿಗಿದ ಟ್ರ್ಯಾಕ್ ಒಂದು ತುದಿಯಲ್ಲಿ ಜೋತು ಬೀಳುತ್ತಿದೆ. ಗೋಡೆಯ ಚಿತ್ರದ ಮೇಲೆ ಬೆಳಕು ಬೀಳಬೇಕೆಂದು ಹಾಕಿಸಿದ್ದು. ಚಿತ್ರದ ಗಾಜಿನಲ್ಲಿ ದೀಪವೇ ಕಾಣುತ್ತದೆ.

ಉತ್ತರ: ಜಿಪ್ಸಮ್ ಬೋರ್ಡು ತನ್ನ ಭಾರ ಹೊರಲು ಮಾತ್ರ ಮಾಡಿದ್ದು, ಬರಿಯ ಬೋರ್ಡಿಗೆ ತಿರುಗಿಸಿದ ಸ್ಕ್ರೂ ನಿಧಾನವಾಗಿ ಪುಡಿಯುದುರಿಸಿಕೊಂಡು ಕಳಚುತ್ತದೆ. ಬೋರ್ಡಿನ ಮೇಲಿರುವ ಲೋಹದ ಚಾನಲ್ಲಿಗೆ ಸ್ಕ್ರೂ ಹಿಡಿಯಬೇಕು. ಚಾನಲ್ ಆ ಜಾಗದಲ್ಲಿ ಬರದಿದ್ದರೆ ಮೇಲ್ಭಾಗದಲ್ಲಿ ಪ್ಲೈವುಡ್ ಪಟ್ಟಿ ಇರಿಸಿ, ಎರಡು ಅಡಿಗೊಂದರಂತೆ ಬಿಗಿಸಿ. ಸೀಲಿಂಗ್ ಬಿಚ್ಚಿದಾಗ ಒಳಗಿನ ತಂತಿಯ ಜೋಡಣೆಯನ್ನೂ ನೋಡಿ. ಎರಡು ತಂತಿ ಹೊಸೆದು ಟೇಪ್ ಸುತ್ತಿ ಹಾಗೆಯೇ ಮಲಗಿಸಿದ್ದರೆ, ಕನೆಕ್ಟರ್ ಹಾಕಿ ಮುಚ್ಚಳವಿರುವ ಜಂಕ್ಷನ್ ಬಾಕ್ಸಿನೊಳಗೆ ಇಡಿಸಿ. ಧಾರವಾಡ-ಹುಬ್ಬಳ್ಳಿಯ ಬೇಸಿಗೆಯಲ್ಲಿ ಸೀಲಿಂಗಿನ ಮೇಲಿನ ಕಾವಿಗೆ ಟೇಪಿನ ಅಂಟು ಬಿಟ್ಟುಹೋಗುತ್ತದೆ.

ಚಿತ್ರದ ವಿಷಯದಲ್ಲಿ, ಬೆಳಕು ನೆಟ್ಟಗಿನ ಗೆರೆಯಿಂದ 30 ಡಿಗ್ರಿ ಓರೆಯಾಗಿ ಬಿದ್ದರೆ ಗಾಜಿನ ಪ್ರತಿಫಲನ ಕಣ್ಣಿಗೆ ಬೀಳದೆ ಕೆಳಗೆ ಹೋಗುತ್ತದೆ. ಸೀಲಿಂಗ್ ಒಂಬತ್ತೂವರೆ ಅಡಿ, ಚಿತ್ರದ ನಡುಭಾಗ ಐದೂಕಾಲು ಅಡಿ ಎತ್ತರದಲ್ಲಿದ್ದರೆ ಟ್ರ್ಯಾಕ್ ಗೋಡೆಯಿಂದ ಸುಮಾರು ಎರಡೂವರೆ ಅಡಿ ದೂರ ಇರಬೇಕು. ಹೇಗೂ ಬಿಚ್ಚಿ ಮತ್ತೆ ಬಿಗಿಸುವುದರಿಂದ ಈ ಅಳತೆಗೇ ಬಿಗಿಸಿ.

ಪ್ರಶ್ನೆ (ಶಿರಸಿಯ ಓದುಗರು): ನಮ್ಮದು ಹೆಂಚಿನ ಹಳೆಯ ಮನೆ. ಮರದ ತೊಲೆಗೆ ಟ್ರ್ಯಾಕ್ ಹಾಕಿಸಿದ್ದೇವೆ. ಹಳೆಯ ವೈರಿಂಗಿನಲ್ಲಿ ಅರ್ಥಿಂಗ್ ತಂತಿ ಇಲ್ಲ. ಮರ ಕರೆಂಟು ಹರಿಸುವುದಿಲ್ಲ, ಎಲ್‌ಇಡಿಗೆ ಅರ್ಥಿಂಗ್ ಬೇಡ ಎನ್ನುತ್ತಾರೆ. ಆದರೆ ಮಳೆಗಾಲದಲ್ಲಿ ದೀಪ ಒರೆಸುವಾಗ ಮನೆಯವರಿಗೆ ಕೈ ಜುಮ್ಮೆಂದಿದೆ.

ಉತ್ತರ: ಆ ಜುಮ್ಮೆನ್ನುವಿಕೆಯನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಕೆಲಸ ಮುಗಿಯುವವರೆಗೆ ಆ ಸರ್ಕ್ಯೂಟನ್ನು ಆರಿಸಿಯೇ ಇಡಿ.

ತೊಲೆ ಮರದ್ದಾದರೂ ಟ್ರ್ಯಾಕ್ ಅಲ್ಯೂಮಿನಿಯಂ. ಯಾವುದೋ ಒಂದು ದೀಪದ ಡ್ರೈವರಿನಲ್ಲಿ ಇನ್ಸುಲೇಷನ್ ಸೋತರೆ ಕರೆಂಟು ಟ್ರ್ಯಾಕಿನ ಮೈಗೂ, ಅದರ ಮೂಲಕ ಉಳಿದ ದೀಪಗಳ ಮೈಗೂ ಹರಡಬಹುದು. ಅರ್ಥಿಂಗ್ ಇದ್ದಿದ್ದರೆ ಆ ಕರೆಂಟು ಭೂಮಿಗೆ ಹರಿದು, ರಕ್ಷಣೆಯ ಸ್ವಿಚ್ಚು ಯಾರೂ ಮುಟ್ಟುವ ಮೊದಲೇ ಬೀಳುತ್ತಿತ್ತು. ಅರ್ಥಿಂಗ್ ಇಲ್ಲದಿರುವಾಗ, ಮರ ಅದನ್ನು ಭೂಮಿಗೆ ಬಿಡದ ಕಾರಣಕ್ಕೇ, ಅದು ಮುಟ್ಟುವವರಿಗಾಗಿ ಕಾದು ಕೂರುತ್ತದೆ. ಏಣಿಯ ಮೇಲೆ ಒದ್ದೆ ಬಟ್ಟೆ ಹಿಡಿದು ನಿಂತವರಿಗೆ ಸಣ್ಣ ಶಾಕ್ ಸಾಕು. ಶಾಕಿನಿಂದ ಬದುಕಿದರೂ ಬಿದ್ದು ಪೆಟ್ಟಾಗುತ್ತದೆ.

ಡಿಬಿಯಿಂದ ಟ್ರ್ಯಾಕಿನವರೆಗೆ ಹಸಿರು ತಂತಿಯೊಂದನ್ನು ಹೊಸದಾಗಿ ಎಳೆಸಿ; ಹಳೆಯ ಮನೆಯಲ್ಲಿ ಗೋಡೆ ಒಡೆಯದೆ ಕೇಸಿಂಗ್ ಪಟ್ಟಿಯಲ್ಲಿ ಒಯ್ಯಬಹುದು. ಖರ್ಚು ಉಳಿಸಲು ಅರ್ಥಿಂಗನ್ನು ನ್ಯೂಟ್ರಲ್ಲಿಗೆ ಸೇರಿಸುವ ಅಭ್ಯಾಸ ಕೆಲವರಿಗಿದೆ. ಅದನ್ನು ಒಪ್ಪಲೇಬೇಡಿ, ಏಕೆಂದರೆ ನ್ಯೂಟ್ರಲ್ ಒಂದು ಕಡೆ ಕಡಿದರೆ ಇಡೀ ಟ್ರ್ಯಾಕೇ ಫೇಸ್ ಆಗುತ್ತದೆ. ನೀರಿನ ಪೈಪಿಗೂ ಕಟ್ಟಿಸಬೇಡಿ. ಟ್ರ್ಯಾಕ್ ಅರ್ಥಿಂಗ್ ಸಂಪರ್ಕ ಇರುವ ಮಾದರಿಯೇ ಎಂಬುದನ್ನೂ ನೋಡಿ. ಅಂಗಡಿಯಲ್ಲಿ ಎರಡೇ ಎಳೆಯ ಅಗ್ಗದ ಟ್ರ್ಯಾಕ್‌ಗಳೂ ಮಾರಾಟಕ್ಕಿವೆ, ಅವುಗಳಲ್ಲಿ ಹಸಿರು ತಂತಿಯನ್ನು ಸೇರಿಸುವ ಸ್ಥಳವೇ ಇರುವುದಿಲ್ಲ. ಲೋಹದ ಮೈಯ ದೀಪಕ್ಕೆ ಅರ್ಥಿಂಗ್ ಬೇಡವೆನ್ನಬೇಕಾದರೆ ಅದರ ಮೇಲೆ ಚೌಕದೊಳಗೊಂದು ಚೌಕದ ಗುರುತು ಇರಬೇಕು. ಅದು ಎರಡು ಪದರದ ಇನ್ಸುಲೇಷನ್ ಇದೆ ಎಂಬುದರ ಗುರುತು.

ಇದರ ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಅರ್ಥಿಂಗ್ ಇಲ್ಲದೆ ಅದೊಂದನ್ನೇ ಹಾಕಿದರೆ, ಯಾರಾದರೂ ಮುಟ್ಟಿ ಅವರ ಮೈಮೂಲಕ ಕರೆಂಟು ಹರಿದ ಮೇಲೆಯೇ ಅದು ಬೀಳುತ್ತದೆ. ಅದರ ಮೇಲಿರುವ ಟೆಸ್ಟ್ ಬಟನ್ನನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಒತ್ತಿದಾಗ ಬೀಳದಿದ್ದರೆ ಬದಲಿಸಬೇಕು. ಅರ್ಥಿಂಗ್ ಗುಂಡಿ ಅಂಗಳದಲ್ಲಿ ಎಲ್ಲಿದೆ ಎಂದು ಗುರುತಿಟ್ಟುಕೊಂಡು ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕಿಸಿ, ಮತ್ತು ಕೆಲಸ ಮುಗಿಸಿದ ಎಲೆಕ್ಟ್ರಿಷಿಯನ್ ಹೊರಡುವ ಮೊದಲು ಟ್ರ್ಯಾಕಿನ ಅಲ್ಯೂಮಿನಿಯಂ ಮೈಗೂ ಡಿಬಿಯ ಅರ್ಥಿಂಗ್ ಪಟ್ಟಿಗೂ ಸಂಪರ್ಕವಿದೆಯೇ ಎಂದು ಮೀಟರ್ ಹಿಡಿದು ತಮಗೆ ತೋರಿಸಲಿ. ಬಣ್ಣ ಬಳಿದ ಟ್ರ್ಯಾಕಾದರೆ ಬಣ್ಣದ ಮೇಲೆ ಹಿಡಿದ ಮೀಟರ್ ಏನನ್ನೂ ತೋರಿಸದು. ಕತ್ತರಿಸಿದ ತುದಿಯಲ್ಲಿ, ಬರಿಯ ಲೋಹ ಕಾಣುವಲ್ಲಿ ಹಿಡಿಯಬೇಕು.